ಯಂತ್ರ ಹಲವು, ಕೀಲಿಮಣೆ ಒಂದು

ನಮ್ಮ ಶಾಲೆಗಳ ಗಣಕ ಕೊಠಡಿಗೆ ಯಂತ್ರಗಳೆಲ್ಲ ಒಮ್ಮೆಲೇ ಬಂದುವಲ್ಲ. ಸರಕಾರದ ಯೋಜನೆಯಿಂದ ಕೆಲವು, ಶಾಸಕರ ನಿಧಿಯಿಂದ ಕೆಲವು, ಹಳೆ ವಿದ್ಯಾರ್ಥಿಗಳು ಕೊಟ್ಟವು ಒಂದೆರಡು — ಹೀಗೆ ಕೂಡಿದ ಸಂಸಾರವದು. ಒಂದರ ಸ್ಮೃತಿ ದೊಡ್ಡದು, ಮತ್ತೊಂದರದು ಸಣ್ಣದು. ಪರದೆಗಳ ಅಳತೆಯೂ ಬೇರೆ ಬೇರೆ. ಇಂತಹಲ್ಲಿ ಕನ್ನಡ ಮಾಧ್ಯಮದ ಮಗುವಿಗೆ “ಕನ್ನಡ ಬೇಕಾದರೆ ಆ ಮೂಲೆಯ ಯಂತ್ರಕ್ಕೆ ಹೋಗು” ಎಂಬ ಮಾತು ಕೇಳಿಬರುವುದುಂಟು. ಅದು ಬರಬೇಕಾದ ಅಗತ್ಯವೇ ಇಲ್ಲ.

ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. ಅದು ಶಾಲೆಗಳಿಗೆ ಒದಗಿಸುವ ಗ್ನೂ/ಲಿನಕ್ಸ್ ವ್ಯವಸ್ಥೆಗೆ ಒಂದು ದೊಡ್ಡ ಗುಣವಿದೆ. ಚಾಲನೆಗೊಳ್ಳುವಾಗಲೇ ಅದು ಯಂತ್ರದ ಬಿಡಿಭಾಗಗಳನ್ನು ಗುರುತಿಸಿ, ತಕ್ಕ ಚಾಲಕ ತಂತ್ರಾಂಶವನ್ನು ತಾನೇ ಆರಿಸಿಕೊಳ್ಳುತ್ತದೆ. ಆದುದರಿಂದ ಒಂದೇ ಪ್ರತಿಯನ್ನು ಹಲವು ಬಗೆಯ ಯಂತ್ರಗಳಲ್ಲಿ ಸ್ಥಾಪಿಸಬಹುದು. 32 ಬಿಟ್‌ನ ಹಳೆಯ ಯಂತ್ರ ಮಾತ್ರ 64 ಬಿಟ್‌ನ ವ್ಯವಸ್ಥೆಯನ್ನು ನಡೆಸಲಾರದು. ಅದನ್ನು ಮೊದಲೇ ಬೇರ್ಪಡಿಸುವುದು ಲೇಸು.

ಮುಂದಿನದು ಪಾಲು ಹಂಚುವ ಕೆಲಸ. ಪರದೆಯ ಅಳತೆ, ಧ್ವನಿ ಮೊದಲಾದವು ಯಂತ್ರದ ಪಾಲಿಗೆ. ಕಡತ, ಭಾಷೆ, ಕೀಲಿಮಣೆಯ ಆಯ್ಕೆ ಮಗುವಿನ ಪಾಲಿಗೆ. ಮಗುವಿನ ಪಾಲು ಮಗು ಕುಳಿತಲ್ಲಿಗೆ ಬರಬೇಕು. ಇದಕ್ಕಾಗಿ ಉತ್ತಮ ಯಂತ್ರವೊಂದನ್ನು ಸರ್ವರ್ ಆಗಿಸಿ, ವಿದ್ಯಾರ್ಥಿಗಳ ಕಡತಗಳನ್ನೆಲ್ಲ ಅಲ್ಲಿಯೇ ಇಡಬಹುದು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್.ಎಫ್.ಎಸ್. ಪದ್ಧತಿ ಇದಕ್ಕೆ ಈಗಲೂ ಒದಗುತ್ತದೆ. ಎಚ್ಚರ ಬೇಕಾದುದು ಒಂದೆಡೆ. ವ್ಯವಸ್ಥೆಯು ಕಡತದ ಒಡೆಯನನ್ನು ಗುರುತಿಸುವುದು ಹಾಜರಿ ಪುಸ್ತಕದಂತೆ ಸಂಖ್ಯೆಯಿಂದ. ಒಂದು ಯಂತ್ರದಲ್ಲಿ 1001 ಆದವನು ಇನ್ನೊಂದರಲ್ಲಿ 1002 ಆದರೆ, ಹೆಸರು ಒಂದೇ ಇದ್ದರೂ, ತನ್ನ ಕಡತವನ್ನು ತಾನೇ ತಿದ್ದಲಾರ.

ಅಕ್ಷರಶೈಲಿಯನ್ನು ಮಾತ್ರ ಪ್ರತಿಯೊಂದು ಯಂತ್ರದಲ್ಲಿಯೂ ಸ್ಥಾಪಿಸಬೇಕು. ಲೋಹಿತ್, ನವಿಲು, ಗುಬ್ಬಿ ಇವು ಉಚಿತವಾಗಿ ದೊರೆಯುವಂಥವು. ಕನ್ನಡದ ಅಕ್ಷರಶೈಲಿ ಒಂದೂ ಇಲ್ಲದಿದ್ದರೆ ಮಗು ಬರೆದ ಪ್ರಬಂಧ ಬರಿಯ ಚೌಕಗಳ ಸಾಲಾಗಿ ಕಾಣುತ್ತದೆ.

ಇನ್ನು ಕೀಲಿಮಣೆ. ಭಾರತೀಯ ಮಾನಕ ಸಂಸ್ಥೆಯ 1991ರ ಐಎಸ್ 13194ರಲ್ಲಿ ಸೇರಿರುವ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವು ಭಾರತೀಯ ಲಿಪಿಗಳಿಗೆ ಸಮಾನವಾದುದು. ಇಂಗ್ಲಿಷಿನ ‘ಕೆ’ ಇರುವ ಕೀಲಿಯನ್ನು ಒತ್ತಿದರೆ ಕನ್ನಡದಲ್ಲಿಯೂ ಕಕಾರ, ಮಲಯಾಳದಲ್ಲಿಯೂ ಕಕಾರ. ಮಲಯಾಳದಲ್ಲಿ ಬೆರಳು ಪಳಗಿಸಿದ ಅಧ್ಯಾಪಕರು ಕನ್ನಡದ ಮಕ್ಕಳಿಗೂ ಅದನ್ನೇ ತೋರಿಸಿಕೊಡಬಲ್ಲರು. ಹೊಸ ಯಂತ್ರ ಬೇಡ, ಹಣವೂ ಬೇಡ; ಆಯ್ಕೆಯ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಸಾಕು.

ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಶಾಲೆಗೆ ಎಷ್ಟು ಗಣಕಗಳು ಬಂದಿವೆಯೆಂದು ವಿಚಾರಿಸುವ ಹೆತ್ತವರು, ಅವುಗಳ ಪೈಕಿ ಎಷ್ಟರಲ್ಲಿ ಕನ್ನಡ ಬರೆಯಬಹುದೆಂದೂ ವಿಚಾರಿಸಲಿ.