ಪವರ್ ಟ್ರಾನ್ಸಿಸ್ಟರ್‌ಗೆ ಸಾಕೆಟ್ ಹಾಕಿಸಿದರೆ ರಿಪೇರಿ ಸುಲಭವೇ? ನಿಜ ಎಷ್ಟು, ಅಪಾಯ ಎಷ್ಟು?

ಮನೆಯ ಯುಪಿಎಸ್ ಪದೇ ಪದೇ ಸುಡುತ್ತಿದ್ದರೆ ಹೀಗೊಂದು ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು: ‘ಬೋರ್ಡ್‌ಗೆ ಸಾಕೆಟ್ ಹಾಕಿಸಿಬಿಡಿ. ಮುಂದಿನ ಸಲ ಬಲ್ಬ್ ಬದಲಿಸಿದ ಹಾಗೆ ಟ್ರಾನ್ಸಿಸ್ಟರ್ ಬದಲಿಸಿದರಾಯಿತು, ಬೆಸುಗೆಯ ಗೋಜೇ ಇಲ್ಲ.’ ಕೇಳಲು ಚೆನ್ನಾಗಿದೆ. ಆದರೆ ಇದು ಕೆಲವು ಕಡೆ ಮಾತ್ರ ಸರಿ. ಯುಪಿಎಸ್ ವಿಷಯದಲ್ಲಂತೂ ತಪ್ಪು.

ಮೊದಲು ಪ್ಯಾಕೇಜ್ ಗುರುತಿಸಿ

ಟ್ರಾನ್ಸಿಸ್ಟರ್‌ನ ಹೊರಕವಚಕ್ಕೆ ಪ್ಯಾಕೇಜ್ ಎನ್ನುತ್ತಾರೆ. ರಿಪೇರಿ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಬಗೆ.

• ಟಿಒ-3: ಲೋಹದ ಡಬ್ಬಿ, ಎರಡೇ ಕಾಲು. ಹಳೆಯ ಆಂಪ್ಲಿಫೈಯರ್‌ಗಳಲ್ಲಿದ್ದ 2ಎನ್3055 ಇದೇ ರೂಪದ್ದು.
• ಟಿಒ-220: ಕಪ್ಪು ಪ್ಲಾಸ್ಟಿಕ್ ಮೈ, ಹಿಂದೆ ತೂತಿರುವ ಲೋಹದ ಪಟ್ಟಿ, ಮೂರು ಕಾಲು. ಕಾಲುಗಳ ನಡುವಿನ ಅಂತರ 2.54 ಮಿ.ಮೀ.
• ಟಿಒ-247: ಇದರ ದೊಡ್ಡಣ್ಣ. ಅಂತರ 5.45 ಮಿ.ಮೀ.

ಒಂದರ ಸಾಕೆಟ್ ಇನ್ನೊಂದಕ್ಕೆ ಆಗುವುದಿಲ್ಲ. ಕಾಲು ಬಗ್ಗಿಸಿ ತುರುಕಿದರೆ ಬುಡದಲ್ಲಿ ಬಿರುಕು ಬಿಡಬಹುದು.

ಟಿಒ-3ಗೆ ಸಾಕೆಟ್ ಏಕೆ ಒಗ್ಗುತ್ತದೆ?

ಇದರಲ್ಲಿ ಮೂರನೆಯ ಸಂಪರ್ಕವಾದ ಕಲೆಕ್ಟರ್, ಡಬ್ಬಿಯ ಮೈಯೇ. ಹೀಟ್‌ಸಿಂಕ್‌ನ ಒಂದು ಬದಿಯಲ್ಲಿ ಟ್ರಾನ್ಸಿಸ್ಟರ್, ಇನ್ನೊಂದು ಬದಿಯಲ್ಲಿ ಸಾಕೆಟ್ ಇಟ್ಟು ಎರಡು ಸ್ಕ್ರೂ ಬಿಗಿಯುತ್ತಾರೆ. ಕಲೆಕ್ಟರ್ ಕರೆಂಟ್ ಸ್ಕ್ರೂ ಮೂಲಕ ಹರಿಯುತ್ತದೆ, ಬಿಸಿ ನೇರ ಹೀಟ್‌ಸಿಂಕ್‌ಗೆ ಹೋಗುತ್ತದೆ. ಅಂದರೆ ಇಲ್ಲಿ ಹಿಡಿತ ಸ್ಪ್ರಿಂಗ್‌ನದ್ದಲ್ಲ, ಸ್ಕ್ರೂನದ್ದು.

ಯುಪಿಎಸ್‌ನಲ್ಲಿ ಏಕೆ ಬೇಡ? ಲೆಕ್ಕ ನೋಡಿ

12 ವೋಲ್ಟ್ ಬ್ಯಾಟರಿಯಿಂದ 600 ವ್ಯಾಟ್ ತೆಗೆಯಲು ಕನಿಷ್ಠ 50 ಆಂಪಿಯರ್ ಹರಿಯಬೇಕು. ಇದನ್ನು ಹಲವು ಮಾಸ್‌ಫೆಟ್‌ಗಳು (ಅವೂ ಟ್ರಾನ್ಸಿಸ್ಟರ್ ಜಾತಿಯೇ) ಹಂಚಿಕೊಳ್ಳುತ್ತವೆ. ಒಂದರ ಪಾಲಿಗೆ 10 ಆಂಪಿಯರ್ ಬಂತು ಎನ್ನಿ. ಸಾಕೆಟ್‌ನ ಹಿಡಿತದಲ್ಲಿ ಬರೀ 0.02 ಓಮ್ ತಡೆ ಇದ್ದರೂ, 10 × 10 × 0.02 = 2 ವ್ಯಾಟ್ ಬಿಸಿ ಆ ಪುಟ್ಟ ಸ್ಪ್ರಿಂಗ್‌ನಲ್ಲೇ ಹುಟ್ಟುತ್ತದೆ.

ಬಿಸಿಯಾದ ಸ್ಪ್ರಿಂಗ್ ಸಡಿಲವಾಗುತ್ತದೆ. ಸಡಿಲವಾದರೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದರೆ ಇನ್ನೂ ಬಿಸಿ. ಕೊನೆಗೆ ಒಂದು ಸಾಕೆಟ್ ಕೈಕೊಟ್ಟರೆ ಅದರ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ, ಅವೂ ಸುಡುತ್ತವೆ. ಒಳ್ಳೆಯ ಬೆಸುಗೆಯಲ್ಲಿ ಈ ತಡೆ ಬಹಳ ಕಡಿಮೆ.

ಇನ್ನೊಂದು ಮಾತು. ಮಾಸ್‌ಫೆಟ್ ಪದೇ ಪದೇ ಸುಡುತ್ತಿದ್ದರೆ ದೋಷ ಬೇರೆ ಕಡೆ ಇರುವ ಸಾಧ್ಯತೆ ಹೆಚ್ಚು: ಅದನ್ನು ನಡೆಸುವ ಡ್ರೈವರ್ ಭಾಗ, ಸಡಿಲವಾದ ಹೀಟ್‌ಸಿಂಕ್, ಮಿತಿಮೀರಿದ ಲೋಡ್. ಅದನ್ನು ಹುಡುಕದೆ ಸಾಕೆಟ್ ಹಾಕಿದರೆ ಜ್ವರದ ಕಾರಣ ಬಿಟ್ಟು ಥರ್ಮಾಮೀಟರ್ ಬದಲಿಸಿದ ಹಾಗೆ.

ಹಾಗಾದರೆ ಸಾಕೆಟ್ ಯಾರಿಗೆ ಬೇಕು?

ಪರೀಕ್ಷೆ ಮಾಡುವವರಿಗೆ. ಒಂದಾದ ಮೇಲೊಂದು ಟ್ರಾನ್ಸಿಸ್ಟರ್ ಹಾಕಿ ತೆಗೆಯುವ ಟೆಸ್ಟ್ ಬೆಂಚ್‌ಗೆ, ಕಾಲೇಜು ಲ್ಯಾಬ್‌ಗೆ ಇದು ಸರಿಯಾದ ವಸ್ತು. ಪೀಣ್ಯ ಅಥವಾ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಥ ಕೆಲಸ ಹೊಸದಲ್ಲ. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿರುವ ಬಿಇಎಲ್ 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಸಲು ಶುರು ಮಾಡಿತ್ತು.

ಎಸ್.ಪಿ. ರೋಡ್‌ಗೆ ಹೋಗುವ ಮುನ್ನ

1. ಹಳೆಯ ಟ್ರಾನ್ಸಿಸ್ಟರನ್ನೇ ಜೊತೆಗೆ ಒಯ್ಯಿರಿ. ಫೋಟೊದಲ್ಲಿ ಅಳತೆ ಗೊತ್ತಾಗದು.
2. ಒಂದು ಕಾಲಿಗೆ ಎಷ್ಟು ಆಂಪಿಯರ್ ತಾಳುತ್ತದೆ, ಎಷ್ಟು ವೋಲ್ಟ್‌ಗೆ ಸರಿ ಎಂದು ಕೇಳಿ. ಬ್ರೆಡ್‌ಬೋರ್ಡ್‌ನ ತೂತು ಸುಮಾರು 1 ಆಂಪಿಯರ್‌ಗಿಂತ ಹೆಚ್ಚು ತಾಳುವುದಿಲ್ಲ.
3. ಟಿಒ-220ಗೆ ಸಾಕೆಟ್ ಸಿಗದಿದ್ದರೆ, ಸಣ್ಣ ಕರೆಂಟ್‌ನ ಪ್ರಯೋಗಕ್ಕೆ 2.54 ಮಿ.ಮೀ. ಅಂತರದ ಮೂರು ಕಾಲಿನ ಸ್ಕ್ರೂ ಟರ್ಮಿನಲ್ ಸಾಕು.
4. ಸಾಕೆಟ್ ಇದ್ದರೂ ಹೀಟ್‌ಸಿಂಕ್ ಬೇಕೇ ಬೇಕು. ಹೀಟ್‌ಸಿಂಕ್ ಇಲ್ಲದ ಟಿಒ-220 ಒಂದೊಂದು ವ್ಯಾಟ್‌ಗೂ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರುತ್ತದೆ.

ಇದನ್ನು ಮಾತ್ರ ಮರೆಯಬೇಡಿ

ಟ್ರಾನ್ಸಿಸ್ಟರ್‌ನ ಲೋಹದ ಬೆನ್ನು ಸಾಮಾನ್ಯವಾಗಿ ಕಲೆಕ್ಟರ್ ಅಥವಾ ಡ್ರೈನ್‌ಗೆ ಸೇರಿರುತ್ತದೆ. 230 ವೋಲ್ಟ್ ಮೇನ್ಸ್‌ನಿಂದ ನಡೆಯುವ ಇಂಡಕ್ಷನ್ ಒಲೆ, ಎಸ್‌ಎಂಪಿಎಸ್‌ಗಳಲ್ಲಿ ಅಲ್ಲಿ 325 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಇರಬಹುದು. ಮಧ್ಯದ ಮೈಕಾ ಹಾಳೆ ಕಳೆದರೆ ಹೀಟ್‌ಸಿಂಕ್ ಮುಟ್ಟಿದವರಿಗೂ ಶಾಕ್. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಹಾಗಾಗಿ ‘ಸಾಕೆಟ್ ಇದ್ದರೆ ಮನೆಯಲ್ಲೇ ಬದಲಿಸಬಹುದು’ ಎನ್ನುವುದನ್ನು ನಂಬಬೇಡಿ.

ಒಟ್ಟಿನಲ್ಲಿ: ಪರೀಕ್ಷೆಗೆ ಸಾಕೆಟ್, ದುಡಿಯುವ ಬೋರ್ಡ್‌ಗೆ ಬೆಸುಗೆ. ಟಿಒ-3 ಮಾತ್ರ ಇದಕ್ಕೆ ಅಪವಾದ. ಸಾಕೆಟ್ ಸಲಹೆ ನಿಮ್ಮ ಗುಂಪಿಗೆ ಬಂದರೆ, ಇದನ್ನೂ ಜೊತೆಗೆ ಕಳಿಸಿ.