ಹೆಸರು ಕೇಳಿ ಪ್ರಮಾಣಪತ್ರ ಕೊಡುವ ಯಂತ್ರ

ಮುಂಬಯಿಯ ಹಳೆಯ ಚಾಳೊಂದನ್ನು ನೆನೆದುಕೊಳ್ಳಿರಿ. ಬೀದಿಗೆ ಬಾಗಿಲು ಒಂದೇ, ಕಟ್ಟಡದ ನಂಬರೂ ಒಂದೇ; ಒಳಗೆ ಮಾತ್ರ ಹತ್ತಾರು ಸಂಸಾರಗಳು. ಹೊಸಬನೊಬ್ಬನು ಬಂದು ಬಾಗಿಲಲ್ಲಿ ಸುಮ್ಮನೆ ನಿಂತರೆ ಕಾವಲುಗಾರನು ಯಾರನ್ನೆಂದು ಕರೆದಾನು? ‘ಇಂಥವರು ಬೇಕು’ ಎಂದು ಹೆಸರು ಹೇಳಿದ ಬಳಿಕವೇ ಕೆಲಸ ಸಾಗುವುದು. ಗಣಕಯಂತ್ರಗಳ ಪ್ರಪಂಚದಲ್ಲಿಯೂ ಇಂಥದೇ ತೊಡಕೊಂದು ಹಲವು ವರ್ಷ ಕಾಡಿತು. ಅದು ಬಗೆಹರಿದ ರೀತಿಯನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಬ್ಯಾಂಕಿನ ಲೆಕ್ಕ ನೋಡುವಾಗ ನಮ್ಮ ಬ್ರೌಸರು ದೂರದ ಸರ್ವರಿನೊಡನೆ ಗುಟ್ಟಾಗಿ ಮಾತಾಡಬೇಕಾಗುತ್ತದೆ. ಮಾತಿಗೆ ಮೊದಲು ಇಬ್ಬರೂ ಪರಸ್ಪರ ಮಾಡಿಕೊಳ್ಳುವ ಒಪ್ಪಂದಕ್ಕೆ ‘ಹಸ್ತಲಾಘವ’ವೆಂದು ಹೆಸರು. ಇದರ ಕಟ್ಟಳೆಗಳ ಸಮೂಹವೇ 1999ರಲ್ಲಿ ಮೊದಲು ಪ್ರಕಟವಾದ ಟಿ.ಎಲ್.ಎಸ್. ಈ ಹಸ್ತಲಾಘವದಲ್ಲಿ ಸರ್ವರು ತನ್ನ ಗುರುತಿಗೆಂದು ಒಂದು ಪ್ರಮಾಣಪತ್ರವನ್ನು ಮುಂದಿಡುತ್ತದೆ. ಅದರಲ್ಲಿ ಜಾಲತಾಣದ ಹೆಸರು, ಅದರ ಬಹಿರಂಗ ಕೀಲಿ, ವಾಯಿದೆಯ ದಿನಾಂಕ ಹಾಗೂ ನಂಬಿಕೆಗೆ ಪಾತ್ರವಾದ ಸಂಸ್ಥೆಯೊಂದರ ರುಜು ಇರುತ್ತವೆ. ಆ ಕೀಲಿಗೆ ಜೋಡಿಯಾದ ರಹಸ್ಯ ಕೀಲಿಯು ತನ್ನಲ್ಲಿದೆಯೆಂಬುದನ್ನೂ ಸರ್ವರು ಸಿದ್ಧಪಡಿಸಿ ತೋರಿಸಬೇಕು. ಪ್ರಮಾಣಪತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು; ರಹಸ್ಯ ಕೀಲಿ ಒಡೆಯನಿಗಲ್ಲದೆ ಇತರರಿಗೆ ದೊರೆಯದು.

ಒಂದೇ ಸರ್ವರಿನಲ್ಲಿ ನೂರಾರು ಜಾಲತಾಣಗಳು ವಾಸಿಸುವುದುಂಟು. ಗುಟ್ಟಿಲ್ಲದ ಸಾಮಾನ್ಯ ಸಂಪರ್ಕದಲ್ಲಿ ಇದರಿಂದ ಬಾಧಕವಿರಲಿಲ್ಲ. ಬ್ರೌಸರು ತನ್ನ ಬೇಡಿಕೆಯೊಡನೆ ತಾಣದ ಹೆಸರನ್ನೂ ಬರೆದು ಕಳುಹಿಸಬೇಕೆಂಬ ನಿಯಮವು 1997ರ ಎಚ್.ಟಿ.ಟಿ.ಪಿ. 1.1ರಲ್ಲಿಯೇ ಬಂದಿತ್ತು. ಆದರೆ ಗುಟ್ಟಿನ ಸಂಪರ್ಕದಲ್ಲಿ ಆ ಬೇಡಿಕೆಯು ಮುಚ್ಚಿದ ಲಕೋಟೆಯೊಳಗೆ, ಹಸ್ತಲಾಘವವು ಮುಗಿದ ಮೇಲೆ ಬರುವಂಥದು. ಪ್ರಮಾಣಪತ್ರವನ್ನಾದರೋ ಅದಕ್ಕೂ ಮೊದಲೇ ಕೊಡಬೇಕು. ಹೆಸರು ತಿಳಿಯದೆ ಪತ್ರ ಕೊಡುವಂತಿಲ್ಲ. ಪತ್ರ ಕೊಡದೆ ಹೆಸರು ತಿಳಿಯುವಂತಿಲ್ಲ!

ಆದಕಾರಣ ಆಗ ಸಾಮಾನ್ಯವಾಗಿ ಒಂದೊಂದು ತಾಣಕ್ಕೂ ಒಂದೊಂದು ಅಂತರಜಾಲ ವಿಳಾಸವನ್ನು ಮೀಸಲಿಡಬೇಕಾಗುತ್ತಿತ್ತು. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವುಗಳ ಕೇಂದ್ರ ಭಂಡಾರವು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಹಲವು ಹೆಸರುಗಳನ್ನು ಒಂದೇ ಪ್ರಮಾಣಪತ್ರದಲ್ಲಿ ಬರೆಸುವ ಉಪಾಯವೂ ಇದೆ. ಆದರೆ ಹೊಸ ಹೆಸರು ಸೇರಿದಾಗಲೆಲ್ಲ ಹೊಸ ಪತ್ರವನ್ನೇ ಪಡೆಯಬೇಕು.

ಪರಿಹಾರವು 2003ರಲ್ಲಿ ಪ್ರಕಟವಾಯಿತು. ಅದಕ್ಕೆ ‘ಸರ್ವರ್ ನೇಮ್ ಇಂಡಿಕೇಶನ್’ ಎಂದು ಹೆಸರು. ಹಸ್ತಲಾಘವದ ಮೊಟ್ಟಮೊದಲ ನಮಸ್ಕಾರದಲ್ಲಿಯೇ ಬ್ರೌಸರು ತನಗೆ ಬೇಕಾದ ತಾಣದ ಹೆಸರನ್ನು ಹೇಳಿಬಿಡುತ್ತದೆ. ಸರ್ವರು ಅದನ್ನು ಓದಿ, ತಕ್ಕ ಪ್ರಮಾಣಪತ್ರವನ್ನೂ ಅದರ ಕೀಲಿಯನ್ನೂ ಆ ಕ್ಷಣದಲ್ಲಿ ಆರಿಸಿಕೊಳ್ಳುತ್ತದೆ. ಉಪಾಯವು ಸರಳವಾದರೂ ಬಳಕೆಗೆ ಬರಲು ಕಾಲ ಹಿಡಿಯಿತು. ವಿಂಡೋಸ್ ಎಕ್ಸ್‌ಪಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಹೀಗೆ ಹೆಸರು ಹೇಳುವುದೇ ತಿಳಿದಿರಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ನೆರವು 2014ರ ಏಪ್ರಿಲಿನವರೆಗೂ ಸಾಗಿತ್ತು.

ಈ ಆಯ್ಕೆಯು ಕೇವಲ ಹೆಸರನ್ನೇ ಅವಲಂಬಿಸಿದುದಲ್ಲ. ತಾನು ಯಾವ ಯಾವ ಬಗೆಯ ರುಜುಗಳನ್ನು ಪರೀಕ್ಷಿಸಬಲ್ಲೆನೆಂಬುದನ್ನೂ ಬ್ರೌಸರು ಮೊದಲೇ ತಿಳಿಸುತ್ತದೆ. ಹೊಸ ಬ್ರೌಸರಿಗೆ ಚಿಕ್ಕದಾದ ಇ.ಸಿ.ಡಿ.ಎಸ್.ಎ. ಪತ್ರವನ್ನೂ ಹಳೆಯದಕ್ಕೆ ಆರ್.ಎಸ್.ಎ. ಪತ್ರವನ್ನೂ ಕೊಡಬಹುದು. ಸಾವಿರಾರು ತಾಣಗಳುಳ್ಳ ಸರ್ವರು ಎಲ್ಲ ಪತ್ರಗಳನ್ನೂ ಮೊದಲೇ ಹೊತ್ತು ಕೂರಬೇಕಾಗಿಲ್ಲ. ಹೆಸರು ಕೇಳಿದೊಡನೆ ಭಂಡಾರದಿಂದ ತರಿಸಿಕೊಂಡರೆ ಸಾಕು. ಪತ್ರದ ವಾಯಿದೆ ಮುಗಿದು ಹೊಸದು ಬಂದಾಗಲೂ ಸರ್ವರನ್ನು ನಿಲ್ಲಿಸಬೇಕಾಗುವುದಿಲ್ಲ. ಹೇಳಿದ ಹೆಸರು ತನ್ನಲ್ಲಿ ಇಲ್ಲದಿದ್ದರೆ ಸರ್ವರು ಸಂಪರ್ಕವನ್ನು ನಿರಾಕರಿಸಬಹುದು, ಇಲ್ಲವೆ ಸಾಮಾನ್ಯ ಪತ್ರವೊಂದನ್ನು ಕೊಡಬಹುದು. ಆ ಪತ್ರದಲ್ಲಿ ಬೇಡಿದ ಹೆಸರು ಇರದಿದ್ದರೆ ಬ್ರೌಸರು ನಮಗೆ ಎಚ್ಚರಿಕೆ ಕೊಡುತ್ತದೆ.

ಇದರಲ್ಲಿ ಕುಂದೂ ಉಂಟು. ಬಾಗಿಲಲ್ಲಿ ಕೂಗಿ ಹೇಳಿದ ಹೆಸರು ನೆರೆಹೊರೆಗೂ ಕೇಳಿಸುತ್ತದೆ. 2018ರ ಟಿ.ಎಲ್.ಎಸ್. 1.3ರಲ್ಲಿ ಪ್ರಮಾಣಪತ್ರವು ಗುಟ್ಟಾಗಿ ಹೋಗುತ್ತದೆಯಾದರೂ ಮೊದಲ ನಮಸ್ಕಾರದ ಹೆಸರು ಬಯಲಲ್ಲಿಯೇ ಉಳಿಯಿತು. ನಾವು ಓದಿದುದೇನೆಂದು ದಾರಿಯಲ್ಲಿ ಹೊಂಚಿದವನಿಗೆ ತಿಳಿಯದು. ಯಾರ ಮನೆಗೆ ಹೋದೆವೆಂಬುದು ಮಾತ್ರ ತಿಳಿಯುತ್ತದೆ. ರೋಗಿಯೊಬ್ಬನು ತನ್ನ ವ್ಯಾಧಿಯ ವಿಷಯ ಅರಸಿ ಹೋದಾಗ ಇಷ್ಟು ತಿಳಿದರೂ ಸಣ್ಣ ಹಾನಿಯಲ್ಲ. ಈ ಹೆಸರನ್ನೂ ಮುಚ್ಚಿ ಕಳುಹಿಸುವ ‘ಎನ್‌ಕ್ರಿಪ್ಟೆಡ್ ಕ್ಲೈಂಟ್ ಹಲೋ’ ಎಂಬ ವಿಧಾನವನ್ನು ತಜ್ಞರು ರೂಪಿಸಿದ್ದಾರೆ.

ವಿದ್ಯಾರ್ಥಿಗಳಾದ ನಾವು ಎರಡು ಮಾತುಗಳನ್ನು ನೆನಪಿಡಬೇಕು. ಬ್ರೌಸರು ‘ಹೆಸರು ಹೊಂದುತ್ತಿಲ್ಲ’ ಎಂದು ಎಚ್ಚರಿಸಿದಾಗ ಅವಸರದಿಂದ ಮುಂದಡಿಯಿಡಬಾರದು; ಅದು ಸರ್ವರಿನವರ ಅಜಾಗ್ರತೆಯಾಗಿರಬಹುದು, ನಡುವೆ ನಿಂತ ವಂಚಕನ ಕೈವಾಡವೂ ಆಗಿರಬಹುದು. ಎರಡನೆಯದಾಗಿ, ಪ್ರಮಾಣಪತ್ರವು ಹೆಸರಿಗೆ ಸಾಕ್ಷಿಯೇ ಹೊರತು ಗುಣಕ್ಕಲ್ಲ. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿ ತಾಣ ತೆರೆದ ಮೋಸಗಾರನೂ ಆ ಬದಲಾದ ಹೆಸರಿಗೆ ಸರಿಯಾದ ಪತ್ರವನ್ನೇ ಪಡೆಯಬಲ್ಲನು. ಯಂತ್ರವು ನಾವು ಹೇಳಿದ ಹೆಸರಿಗೆ ತಕ್ಕ ಪತ್ರವನ್ನು ಆರಿಸೀತು. ಸರಿಯಾದ ಹೆಸರನ್ನು ಹೇಳುವ ಹೊಣೆ ನಮ್ಮದೇ ಆಗಿದೆ.