ಗುರಿಯತ್ತ ತಿರುಗುವ ರಕ್ಷಕ ಕೋಶ

ರೋಗನಿರೋಧಕ ಶಕ್ತಿಯ ಪಾಠವನ್ನು ಬೋಧಿಸುವಾಗ ಬಿಳಿ ರಕ್ತಕಣಗಳನ್ನು ಸೈನಿಕರಿಗೆ ಹೋಲಿಸುವುದು ವಾಡಿಕೆ. ಹೋಲಿಕೆ ತಪ್ಪಲ್ಲ, ಆದರೆ ಅದರಲ್ಲಿ ಮುಖ್ಯವಾದ ಪ್ರಶ್ನೆಯೊಂದು ಮರೆಯಾಗುತ್ತದೆ. ವೈರಸ್ ಹೊಕ್ಕ ಕೋಶವು ಆರೋಗ್ಯವಂತ ಕೋಶಗಳ ನಡುವೆ, ಅವುಗಳಿಗೆ ತಾಗಿಕೊಂಡೇ ಇರುತ್ತದೆ. ಅದೊಂದನ್ನೇ ಕೊಂದು ನೆರೆಯ ಕೋಶಗಳನ್ನು ಉಳಿಸುವುದು ಹೇಗೆ? ಇದರ ಉತ್ತರವು ಆಯುಧಕ್ಕಿಂತ ಹೆಚ್ಚಾಗಿ ಆಯುಧವನ್ನು ತಿರುಗಿಸುವ ಕ್ರಮದಲ್ಲಿದೆ.

ಗುರುತಿಸುವಿಕೆ

ಈ ಕಾರ್ಯವನ್ನು ನಿರ್ವಹಿಸುವ ಮುಖ್ಯ ಕೋಶ ಮಾರಕ ಟಿ ಕೋಶ. ದೇಹದ ಬಹುತೇಕ ಕೋಶಗಳು ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ಚಿಕ್ಕ ತುಣುಕುಗಳನ್ನು ಎಂಎಚ್‌ಸಿ ಎಂಬ ಅಣುಗಳಲ್ಲಿ ಹಿಡಿದು ಹೊರಮೈಯಲ್ಲಿ ತೋರಿಸುತ್ತಿರುತ್ತವೆ. ಒಳಗೆ ವೈರಸ್ ಇದ್ದರೆ ಅದರ ತುಣುಕೂ ಅಲ್ಲಿ ಕಾಣಿಸಿಕೊಳ್ಳುತ್ತದೆ. ಟಿ ಕೋಶದ ಗ್ರಾಹಕವು ತುಣುಕನ್ನೂ ಎಂಎಚ್‌ಸಿಯನ್ನೂ ಒಟ್ಟಾಗಿ ಗುರುತಿಸುತ್ತದೆ. 1970ರ ದಶಕದಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ತತ್ತ್ವಕ್ಕೆ ದಾರಿ ತೆರೆದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ತಿರುಗುವಿಕೆ

ಗುರುತು ಖಚಿತವಾದೊಡನೆ ಟಿ ಕೋಶವು ಗುರಿಕೋಶಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಈ ಸಂಪರ್ಕಸ್ಥಾನವನ್ನು ರೋಗನಿರೋಧಕ ಸಂಧಿ ಎನ್ನಬಹುದು. ಅಂಟಿಸುವ ಪ್ರೋಟೀನುಗಳು ಅಲ್ಲಿ ಉಂಗುರದಂತೆ ಸುತ್ತುಗಟ್ಟುತ್ತವೆ.

ಅನಂತರ ಕೋಶದ ಒಳರಚನೆಯೇ ಬದಲಾಗುತ್ತದೆ. ಸಂಚರಿಸುವ ಟಿ ಕೋಶದಲ್ಲಿ ಸೆಂಟ್ರೋಸೋಮ್ ಕೋಶಕೇಂದ್ರದ ಹಿಂಬದಿಗಿರುತ್ತದೆ. ಇದು ಸೂಕ್ಷ್ಮನಾಳಿಕೆಗಳೆಂಬ ಎಳೆಗಳು ಹೊರಡುವ ನೆಲೆ. ಕೆಲವೇ ನಿಮಿಷಗಳಲ್ಲಿ ಅದು ಸಂಧಿಯತ್ತ ಸರಿದು ಕೋಶಪೊರೆಯನ್ನು ತಾಗಿ ನಿಲ್ಲುತ್ತದೆ. ಮಾರಕ ಪ್ರೋಟೀನುಗಳನ್ನು ತುಂಬಿಕೊಂಡ ಕಿರುಚೀಲಗಳನ್ನು ಡೈನೀನ್ ಎಂಬ ಚಾಲಕ ಪ್ರೋಟೀನು ಸೂಕ್ಷ್ಮನಾಳಿಕೆಗಳ ಗುಂಟ ಸೆಂಟ್ರೋಸೋಮಿನ ಬಳಿಗೆ ಸಾಗಿಸುತ್ತದೆ. ಹೀಗೆ ಸೆಂಟ್ರೋಸೋಮ್ ಎಲ್ಲಿಗೆ ಹೋಗುವುದೋ ಆಯುಧವೂ ಅಲ್ಲಿಗೇ ಹೋಗುತ್ತದೆ. ಈ ಕ್ರಿಯೆಗೆ ಧ್ರುವೀಕರಣವೆಂದು ಹೆಸರು.

ಗುರಿಕೋಶದ ಸಾವು

ಕಿರುಚೀಲಗಳು ಎರಡು ಕೋಶಗಳ ನಡುವಣ ಇಕ್ಕಟ್ಟಾದ ತೆರಪಿಗೆ ಮಾತ್ರ ತೆರೆದುಕೊಳ್ಳುತ್ತವೆ. ಪರ್ಫೋರಿನ್ ಗುರಿಕೋಶದ ಪೊರೆಯಲ್ಲಿ ರಂಧ್ರಗಳನ್ನು ಮಾಡುತ್ತದೆ. ಅದರ ನೆರವಿನಿಂದ ಗ್ರಾಂಜೈಮ್ ಎಂಬ ಕಿಣ್ವಗಳು ಒಳಸೇರಿ, ಕೋಶದಲ್ಲಿ ಮೊದಲೇ ಅಡಗಿರುವ ಸ್ವನಾಶದ ವ್ಯವಸ್ಥೆಯನ್ನು ಎಚ್ಚರಿಸುತ್ತವೆ. ಡಿಎನ್‌ಎ ತುಂಡಾಗುತ್ತದೆ, ಕೋಶ ಕುಗ್ಗುತ್ತದೆ, ಅದರ ಅವಶೇಷಗಳನ್ನು ಭಕ್ಷಕ ಕೋಶಗಳು ನುಂಗುತ್ತವೆ. ಟಿ ಕೋಶದ ಪೊರೆಯಲ್ಲಿ ಕೊಬ್ಬಿನ ಅಣುಗಳು ಒತ್ತಾಗಿ ಜೋಡಣೆಗೊಂಡಿರುವುದರಿಂದ ಪರ್ಫೋರಿನ್ ಅದನ್ನು ಸುಲಭವಾಗಿ ಭೇದಿಸಲಾರದು. ಕೆಲಸ ಮುಗಿದ ಮೇಲೆ ಅದು ಕಳಚಿಕೊಂಡು ಮತ್ತೊಂದು ಗುರಿಯನ್ನು ಅರಸಬಲ್ಲದು.

ವ್ಯವಸ್ಥೆ ತಪ್ಪಿದಾಗ

ಕೆಲವು ಶಿಶುಗಳು ಪರ್ಫೋರಿನ್ ಜೀನಿನ ದೋಷದೊಂದಿಗೆ ಹುಟ್ಟುತ್ತಾರೆ. ಈ ದೋಷಕ್ಕೂ ಒಂದು ಆನುವಂಶಿಕ ಕಾಯಿಲೆಗೂ ಇರುವ ಸಂಬಂಧ 1999ರಲ್ಲಿ ತಿಳಿದುಬಂತು. ಅಂತಹ ಶಿಶುಗಳಲ್ಲಿ ಟಿ ಕೋಶ ಗುರಿಯನ್ನು ಗುರುತಿಸುತ್ತದೆ, ತಿರುಗುತ್ತದೆ, ಆದರೆ ಕೊಲ್ಲಲಾರದು. ಗುರಿ ಸಾಯದೆ ಉಳಿದುದರಿಂದ ಟಿ ಕೋಶ ಬೇಗ ಕಳಚಿಕೊಳ್ಳದೆ ಉರಿಯೂತದ ಸಂಕೇತಗಳನ್ನು ಸುರಿಸುತ್ತಲೇ ಇರುತ್ತದೆ. ಬಿಡದ ಜ್ವರ, ಊದಿದ ಗುಲ್ಮ, ಕುಸಿದ ರಕ್ತಕಣಗಳು ಇದರ ಲಕ್ಷಣ. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯ ತಪ್ಪದು. ರಕ್ತದ ಆಕರಕೋಶಗಳ ಕಸಿಯೇ ಶಾಶ್ವತ ಪರಿಹಾರದ ದಾರಿ. ಸರಿಯಾಗಿ ಕೊಲ್ಲುವುದರಷ್ಟೇ ಸಕಾಲದಲ್ಲಿ ನಿಲ್ಲಿಸುವುದೂ ರಕ್ಷಣೆಯ ಅಂಗವೆಂಬುದನ್ನು ಈ ಕಾಯಿಲೆ ತಿಳಿಸುತ್ತದೆ.

ತರಗತಿಯಲ್ಲಿ

ಕಪ್ಪುಹಲಗೆಯ ಮೇಲೆ ಮೂರು ಚಿತ್ರಗಳನ್ನು ಬರೆಯಿರಿ: ಸಂಪರ್ಕಕ್ಕೆ ಮುಂಚಿನ ಟಿ ಕೋಶ, ಅಂಟಿಕೊಂಡ ಟಿ ಕೋಶ, ಸೆಂಟ್ರೋಸೋಮ್ ಸರಿದ ಬಳಿಕದ ಟಿ ಕೋಶ. ಕಿರುಚೀಲಗಳ ಸ್ಥಾನವನ್ನು ವಿದ್ಯಾರ್ಥಿಗಳೇ ಗುರುತಿಸಲಿ. ಪರ್ಫೋರಿನ್, ಸೆಂಟ್ರೋಸೋಮ್ ಮೊದಲಾದ ಹೆಸರುಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ಒಳಿತು. ಮುಂದೆ ಬೇರೆ ಮಾಧ್ಯಮದಲ್ಲಿ ಓದುವಾಗಲೂ ಅವೇ ಎದುರಾಗುತ್ತವೆ. ಕ್ರಿಯೆಯ ವಿವರಣೆಯನ್ನು ಮಾತ್ರ ಮಕ್ಕಳು ತಮ್ಮ ಕನ್ನಡದಲ್ಲಿಯೇ ಹೇಳುವಂತಾಗಬೇಕು.

ಚರ್ಚೆಗೆ ಎರಡು ಪ್ರಶ್ನೆಗಳು:
1. ಕಿರುಚೀಲಗಳು ಕೋಶದ ಎಲ್ಲ ಬದಿಗಳಿಂದಲೂ ತೆರೆದುಕೊಂಡರೆ ನೆರೆಯ ಕೋಶಗಳಿಗೆ ಏನಾಗಬಹುದು?
2. ಸೆಂಟ್ರೋಸೋಮ್ ಸರಿಯದೆ ಉಳಿದರೆ ಗುರಿಯನ್ನು ಗುರುತಿಸಿದ್ದರಿಂದ ಪ್ರಯೋಜನವೇನು?